ಪೂರ್ತಿ ಬಲ್ಲೆ

ಫಲಿತಾಂಶ ಬಂದಾಗ ಟೀಚರು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಮೇಷ್ಟ್ರು ಊಟದ ಮೇಜಿನ ಹತ್ತಿರ ಹಳೆಯ ಪೇಪರು ಹಾಸಿಕೊಂಡು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಇಬ್ಬರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು. ಗಂಡ ಹೆಂಡತಿ ಒಂದೇ ಶಾಲೆಯಲ್ಲಿ ಒಂದೇ ಗಣಿತ ಹೇಳಿಕೊಡುವ ಮನೆ ಅದು. ಇಲಾಖೆಯಿಂದ ಕಾಗದ ಬಂದರೂ ಜೋಡಿ, ಬೈಗುಳ ಬಂದರೂ ಜೋಡಿ.

"ಏ, ಬಂತು ನೋಡೇ!" ಮೇಷ್ಟ್ರು ಬ್ರಶ್ ಕೆಳಗಿಟ್ಟರು. "ನಾನು ಮಾರ್ಗದರ್ಶಿ ಶಿಕ್ಷಕ! ಇಡೀ ಶಾಲೆಗೆ ಒಬ್ಬನೇ!"

ಅವರ ತಾಯಿ, ಈ ಮನೆಯ ಅಜ್ಜಿ, ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಏನಂತೋ, ಪ್ರಮೋಷನ್ನಾ?"

"ಹಾಗೇ ಅಂದ್ಕೋಮ್ಮ."

"ನಾನು ಹೇಳಿರ್ಲಿಲ್ವಾ? ಚಿಕ್ಕೋನಿದ್ದಾಗ್ಲೇ ನನ್ನ ಮಗ ರೇಡಿಯೋ ಪೂರ್ತಿ ಬಿಚ್ಚಿಟ್ಟಿದ್ದ."

"ಬಿಚ್ಚಿದ್ದು ಸರಿ ಅಜ್ಜಿ, ಜೋಡಿಸಿದ್ನಾ?" ಎಂದಳು ಮಗಳು. ಆಗಷ್ಟೇ ಕೆಲಸ ಮುಗಿಸಿ ಬಂದಿದ್ದ ಅವಳ ಕೈ ಇನ್ನೂ ಸ್ಪಿರಿಟ್ ವಾಸನೆ ಹೊಡೆಯುತ್ತಿತ್ತು. ಅವಳು ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿದ್ದಾಳೆ.

"ನಂದೂ ನೋಡೇ, ನನ್ನ ಕೈ ಒದ್ದೆ," ಎಂದರು ಟೀಚರು ಒಳಗಿನಿಂದ.

ಮಗಳು ಲ್ಯಾಬಿನ ರಿಪೋರ್ಟು ಓದುವ ದನಿಯಲ್ಲೇ ಓದಿದಳು. "ಹಂತ: ಆರಂಭಿಕ. ಬೋಧನೆಯಲ್ಲಿ ಎಐ ಬಳಸಲು ತರಬೇತಿ ಅಗತ್ಯ." ಓದಿ ಫೋನನ್ನು ತಿರುಗಿಸಿ ನೋಡಿದಳು. "ಅಮ್ಮ, ಇದು ಅಪ್ಪನ ರಿಪೋರ್ಟು ನಿನಗೆ ಬಂದಿರ್ಬೇಕು. ನಮ್ಮಲ್ಲೂ ಒಂದೊಂದ್ಸಲ ಟ್ಯೂಬು ಅದಲುಬದಲಾಗತ್ತೆ."

ಟೀಚರು ಸೊಪ್ಪಿನ ದಂಟು ಒಂದು ಕಡೆ, ಎಲೆ ಒಂದು ಕಡೆ ಹಾಕುತ್ತಲೇ ಇದ್ದರು. ಅದಲುಬದಲು ಆಗಿಲ್ಲ ಎಂದು ಅವರಿಗೆ ಗೊತ್ತಿತ್ತು.

ಶಾಲೆಗಳಿಗೆ ಎಐ ಬಂದು ವರ್ಷವಾಗಿತ್ತು. ಟೀಚರುಗಳಿಗೆ ಅದನ್ನು ಬಳಸಲು ಎಷ್ಟು ಬರುತ್ತದೆ ಎಂದು ಅಳೆಯಬೇಕೆಂದು ಇಲಾಖೆಗೆ ಅನಿಸಿತು. ಅಳೆಯುವುದು ಹೇಗೆ? ಅವರನ್ನೇ ಕೇಳುವುದು. ಫೋನಿನಲ್ಲಿ ಒಂದರ ಕೆಳಗೊಂದು ವಾಕ್ಯ, ಪ್ರತಿ ವಾಕ್ಯದ ಮುಂದೆ ಸಾಲಾಗಿ ವೃತ್ತಗಳು. ಮೊದಲನೆಯ ವೃತ್ತ 'ಏನೂ ಬಾರದು', ಕೊನೆಯದು 'ಪೂರ್ತಿ ಬಲ್ಲೆ'. ನಡುವಿನವು ನಡುವಿನವೇ. 'ಎಐ ಬಳಸಿ ನಾನು ಪಾಠವನ್ನು ಯೋಜಿಸಬಲ್ಲೆ.' 'ಎಐ ಕೊಟ್ಟ ಉತ್ತರದಲ್ಲಿ ತಪ್ಪಿದ್ದರೆ ನಾನು ಗುರುತಿಸಬಲ್ಲೆ.' ಹೀಗೆ.

ಮೇಷ್ಟ್ರು ಅದನ್ನು ಚಹಾ ಆರುವುದರೊಳಗೆ ಮುಗಿಸಿದ್ದರು. ಎಲ್ಲದಕ್ಕೂ ಕೊನೆಯ ವೃತ್ತ. ಸುಳ್ಳು ಹೇಳಬೇಕೆಂದು ಅಲ್ಲ. ಶಾಲೆಯಿಂದ ಮೇಲಕ್ಕೆ ಹೋಗುವ ಕಾಗದಕ್ಕೆ ಮೊದಲಿನಿಂದಲೂ ಒಂದು ಪದ್ಧತಿ ಇದೆ. ಕುಡಿಯುವ ನೀರು ಇದೆಯೇ? ಇದೆ. ಗ್ರಂಥಾಲಯ ಇದೆಯೇ? ಇದೆ, ಕೀಲಿ ಕಳೆದುಹೋದ ಒಂದು ಬೀರು. ಆಟದ ಸಾಮಾನು? ಇದೆ. 'ಇಲ್ಲ' ಎಂದರೆ ಯಾಕಿಲ್ಲ ಎಂದು ಇನ್ನೊಂದು ಕಾಗದ ಬರುತ್ತದೆ. ಎತ್ತು ಈಯಿತು ಎಂದು ಅವರು ಬರೆದರೆ ಕೊಟ್ಟಿಗೆಗೆ ಕಟ್ಟಿದ್ದೇವೆ ಎಂದು ನಾವು ಬರೆಯಬೇಕು. ಈ ವಿದ್ಯೆಯಲ್ಲಿ ಮೇಷ್ಟ್ರು ಪಳಗಿದ ಕೈ. ಹುಡುಗರು ಅವರಿಗೆ 'ಸರಿಸರಿ ಸರ್' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಟೀಚರಿಗೆ ಹುಡುಗರು ಇಟ್ಟ ಹೆಸರು 'ಹೇಗೆ ಮಿಸ್'. ಉತ್ತರ ಸರಿಯಿದ್ದರೂ 'ಹೇಗೆ?' ಎಂದು ಕೇಳದೆ ಬಿಡುವವರಲ್ಲ. ಅವರು ಪ್ರಶ್ನಾವಳಿಯ ಮುಂದೆ ಭಾನುವಾರದ ಮಧ್ಯಾಹ್ನವೆಲ್ಲ ಕೂತಿದ್ದರು. ತಪ್ಪು ಗುರುತಿಸಬಲ್ಲೆ ಎಂಬ ವಾಕ್ಯಕ್ಕೆ ಬಂದಾಗ ಹಿಂದಿನ ವಾರದ್ದು ನೆನಪಾಯಿತು. ಎಐ ಬಿಡಿಸಿಕೊಟ್ಟ ಒಂದು ಲೆಕ್ಕವನ್ನು ಹತ್ತನೇ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದ್ದರು. ಅಷ್ಟು ನಯವಾಗಿ ಬರೆದಿತ್ತು ಅದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹೇಗೆ ಮಿಸ್?" ಎಂದಿದ್ದಳು. ನೋಡಿದರೆ ಮೂರನೆಯ ಸಾಲೇ ತಪ್ಪು. ಅದನ್ನು ನೆನೆದು ಟೀಚರು 'ಸ್ವಲ್ಪ ಮಟ್ಟಿಗೆ' ಎಂಬ ವೃತ್ತ ಒತ್ತಿದರು. ಉಳಿದದ್ದಕ್ಕೂ ಹೆಚ್ಚುಕಡಿಮೆ ಅದನ್ನೇ.

ಇದೇ ಊಟದ ಮೇಜಿನಲ್ಲಿ ಮೇಷ್ಟ್ರಿಗೆ ಎಐ ಕಲಿಸಿದವರು ಟೀಚರು. ಈಗಲೂ ಮೇಷ್ಟ್ರು ವಾರಕ್ಕೊಮ್ಮೆಯಾದರೂ, "ಏ, ಅದನ್ನ ಹೇಗೆ ಕೇಳೋದೇ?" ಎಂದು ಫೋನ್ ಹಿಡಿದು ಒಲೆಯ ಹತ್ತಿರ ಬರುತ್ತಾರೆ.

ಆ ರಾತ್ರಿ ಊಟಕ್ಕೆ ಸೊಪ್ಪು, ಅನ್ನ, ಒಂದೊಂದು ಮೊಟ್ಟೆ. ಮೇಷ್ಟ್ರಿಗೆ ಅಜ್ಜಿ ತನ್ನ ಮೊಟ್ಟೆಯನ್ನೂ ಕೊಟ್ಟಳು.

ಮಾರನೆಯ ದಿನ ಹೆಡ್ ಮಿಸ್ಸು ಇಬ್ಬರನ್ನೂ ಕರೆಸಿದರು. ಅವರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲಿನ ಕಾಗದಗಳ ಮೇಲೆ ಡಸ್ಟರು ಇಟ್ಟಿದ್ದರು. ಅವರು ಟೀಚರ ಮುಖ ನೋಡದೆ ಹೇಳಿದರು.

"ನನ್ನ ಕೈಲಿಲ್ಲ ಮಿಸ್. ಹತ್ತನೇ ಕ್ಲಾಸಿಗೆ ಆರಂಭಿಕರು ಪಾಠ ಮಾಡೋ ಹಾಗಿಲ್ಲ ಅಂತ ಆರ್ಡರ್ ಬಂದಿದೆ. ನಿಮ್ಮ ಹತ್ತನೇದು ಸರ್‌ಗೆ, ಸರ್ ಆರನೇದು ನಿಮಗೆ. ಮನೇಲೇ ಇರತ್ತಲ್ಲ, ಬಿಡಿ."

"ಆ ಮಕ್ಕಳನ್ನ ಏಳನೇ ಕ್ಲಾಸಿಂದ ನಾನೇ ತಂದಿದ್ದು," ಎಂದರು ಟೀಚರು. "ಇನ್ನೇನು ಪರೀಕ್ಷೆ ಬಂತು."

"ಗೊತ್ತು. ಮತ್ತೆ ಅಳೆಯೋಕೆ ಅವಕಾಶ ಇದೆ. ಮಾರ್ಗದರ್ಶಿ ಶಿಕ್ಷಕರು ನಿಮ್ಮ ಪಾಠ ಕೂತು ನೋಡಿ ಮಾರ್ಕು ಹಾಕಿದ್ರೆ ಹಂತ ಮೇಲೆ ಹೋಗತ್ತೆ. ಅದಕ್ಕೆ ಮುಂಚೆ ತರಬೇತಿ ಮುಗಿಸ್ಬೇಕು."

"ತರಬೇತಿ ಯಾರು ಕೊಡ್ತಾರೆ?"

ಹೆಡ್ ಮಿಸ್ಸು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು, "ಸರಿ ಸರಿ," ಎಂದರು.

ಮನೆಗೆ ಬಂದ ಮೇಲೆ ಟೀಚರು ಬಟ್ಟೆ ಮಡಚುತ್ತಾ ಕೇಳಿದರು. "ರೀ, ಹೆಡ್ ಮಿಸ್‌ಗೆ ಒಂದು ಮಾತು ಹೇಳ್ಬಾರ್ದಾ? 'ಯೋಚನೆ ಮಾಡದೆ ಎಲ್ಲಾ ಪೂರ್ತಿ ಒತ್ತಿಬಿಟ್ಟೆ, ನನ್ನದು ಇನ್ನೊಂದ್ಸಲ ನೋಡಿ' ಅಂತ ನೀವೇ?"

"ಹೇಳಿದ್ರೆ ನನಗೆ ನೋಟಿಸು ಬರತ್ತೆ. ನಿನಗೆ ಬೇಕಾ ಅದು?"

"ನನಗೆ ಹತ್ತನೇ ಕ್ಲಾಸು ಬೇಕು."

"ನಿನ್ನನ್ನ ಯಾರು 'ಸ್ವಲ್ಪ' ಅಂತ ಒತ್ತು ಅಂದ್ರು? ಹರಿಶ್ಚಂದ್ರನ ಮೊಮ್ಮಗಳು! ಒಂದು ಮಾತು ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

"ನನಗೆ ಬರೋದು ಅಷ್ಟೇ, ಅಷ್ಟೇ ಒತ್ತಿದೆ."

"ಹಾಗಾದ್ರೆ ನನಗೆ ಎಷ್ಟು ಬರತ್ತೆ?"

ಟೀಚರು ಅಂಗಿಯ ತೋಳು ಒಳಗೆ ಮಡಚಿ ಕಪಾಟಿನಲ್ಲಿಟ್ಟರು. ಅವರಿಗೆ ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿತ್ತು.

ಶನಿವಾರದ ತರಬೇತಿಯಲ್ಲಿ ಆರಂಭಿಕರೆಂದರೆ ಇಬ್ಬರೇ. ಟೀಚರು, ಮತ್ತು ಆ ವರ್ಷವಷ್ಟೇ ಸೇರಿದ್ದ ವಿಜ್ಞಾನದ ಹೊಸ ಮಿಸ್ಸು. ಶಾಲೆಯ ಉಳಿದವರೆಲ್ಲ, ಮೌಸ್ ಹಿಡಿಯಲು ಹುಡುಗರನ್ನು ಕರೆಯುತ್ತಿದ್ದ ಡ್ರಾಯಿಂಗ್ ಮಾಸ್ಟರೂ ಸೇರಿದಂತೆ, 'ನಿಪುಣ' ಹಂತದವರೇ ಆಗಿದ್ದರು.

"ಸುಳ್ಳು ಒತ್ತೋಕೆ ಭಯ ಆಯ್ತು ಮಿಸ್," ಎಂದಳು ಹೊಸ ಮಿಸ್ಸು ಪಿಸುದನಿಯಲ್ಲಿ. "ನನಗೆ ನಿಜವಾಗ್ಲೂ ಬರಲ್ಲ. ಕಲಿಸ್ತಾರೆ ಅಲ್ವಾ?"

ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಇಲಾಖೆ ಕಳಿಸಿದ ಸ್ಲೈಡುಗಳನ್ನು ಓದಿದರು. ಉದಾಹರಣೆ ಕೊಡಬೇಕಾದಾಗ ಟೀಚರು ಮನೆಯಲ್ಲಿ ಹೇಳಿಕೊಟ್ಟಿದ್ದ ಉದಾಹರಣೆಯನ್ನೇ ಕೊಟ್ಟರು. ನಡುವೆ ಎಲ್ಲೋ ಸಿಕ್ಕಿಕೊಂಡು ಅಭ್ಯಾಸಬಲದಿಂದ, "ಆಮೇಲೆ ಏನೇ?" ಎಂದು ಹೆಂಡತಿಯ ಕಡೆ ನೋಡಿದರು. ಟೀಚರು ಹೇಳಿದರು. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದರು. ಹೊಸ ಮಿಸ್ಸು ಬರೆದುಕೊಂಡಳು.

ಮನೆಯ ಕೆಲಸವೂ ಆ ವಾರಗಳಲ್ಲಿ ಅಡ್ಡಾದಿಡ್ಡಿ ಆಯಿತು. ಸಂಜೆ ಟೀಚರು ಒಲೆಯ ಮೇಲೆ ಬೇಳೆ ಇಟ್ಟು ಮೇಷ್ಟ್ರಿಗೆ ಮರುದಿನದ ಹತ್ತನೇ ಕ್ಲಾಸಿನ ಲೆಕ್ಕ ಬಿಡಿಸಿಕೊಡಬೇಕು. ಅದಾದ ಮೇಲೆ ತಮ್ಮ ಆರನೇ ಕ್ಲಾಸಿನದು. ಪಾತ್ರೆ ತೊಳೆಯುವುದು ಮಗಳ ಪಾಲಿಗೆ ಬಂತು. ಅವಳು ದಿನವೆಲ್ಲ ನಿಂತು ಕೆಲಸ ಮಾಡಿ ಬರುತ್ತಿದ್ದಳು. ಒಂದು ದಿನ ಹಂಡೆಯಷ್ಟು ದೊಡ್ಡ ಕುಕ್ಕರನ್ನು ಸಿಂಕಿನಲ್ಲಿ ಧಡ್ ಎಂದು ಕುಕ್ಕಿದಳು.

"ಅಪ್ಪ, ನಿನ್ನ ಪಾಠ ಅಮ್ಮ ಮಾಡೋದಾದ್ರೆ ಅಮ್ಮನ ಪಾತ್ರೆ ನೀನು ತೊಳಿ."

"ಲೇ, ಮಾರ್ಗದರ್ಶಿ ಶಿಕ್ಷಕ ಕಣೇ ನಾನು."

"ಅದಕ್ಕೇ ಹೇಳಿದ್ದು. ಮಾರ್ಗ ತೋರ್ಸು, ನಾವೂ ತೊಳೀತೀವಿ."

ಅಜ್ಜಿ ನಡುವೆ ಬಾಯಿ ಹಾಕಿದಳು. "ಗಂಡ್ಸಿನ ಕೈಲಿ ಪಾತ್ರೆ ಯಾಕೇ? ನಾನು ತೊಳೀತೀನಿ ಬಿಡು."

"ನೀನು ಬೆರಳು ಕೊಡು ಮೊದ್ಲು, ಶುಗರ್ ನೋಡ್ಬೇಕು," ಎಂದು ಮಗಳು ಕೈ ಒರೆಸಿಕೊಂಡು ಬಂದಳು. ಅಜ್ಜಿ ಬೆರಳು ಕೊಟ್ಟು ಮುಖ ಆಚೆ ತಿರುಗಿಸಿದಳು. ಪುಟ್ಟ ಮಿಷನ್ನಿನಲ್ಲಿ ಅಂಕಿ ಬಂತು.

"ಜಾಸ್ತಿ ಇದೆ ಅಜ್ಜಿ."

"ಒಂಚೂರು ಕಮ್ಮಿ ಬರ್ಕೊಳ್ಳೇ, ಡಾಕ್ಟ್ರು ಬೈತಾನೆ."

"ಇಲ್ದಿದ್ದು ಬರೆಯೋಕೆ ನಾನೇನು ಅಪ್ಪನಾ?"

ತಿಂಡಿ ತಿನ್ನುತ್ತಿದ್ದ ಮೇಷ್ಟ್ರು ಚಮಚ ತಟ್ಟೆಗೆ ಬಿಸಾಕಿ ಎದ್ದುಹೋದರು. ಟೀಚರು ಮಗಳಿಗೆ, "ಅಪ್ಪಂಗೆ ಹಾಗೆಲ್ಲ ಅನ್ಬಾರ್ದು," ಎಂದರು. ಆ ಮಾತಿನಲ್ಲಿ ಬಿಸಿಯೂ ಇರಲಿಲ್ಲ, ತಂಪೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಮೇಷ್ಟ್ರೂ ಸುಖವಾಗಿರಲಿಲ್ಲ. ಹತ್ತನೇ ಕ್ಲಾಸು ಅವರಿಗೆ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹುಡುಗರು ಪ್ರತಿಯೊಂದಕ್ಕೂ 'ಹೇಗೆ ಸರ್?' ಎಂದು ಕೇಳುತ್ತಿದ್ದರು. ಎಐ ಹೇಳಿದೆ ಎಂದರೆ, ಅದು ಹೇಗೆ ಹೇಳಿತು ಎನ್ನುತ್ತಿದ್ದರು. ಕಾರಿಡಾರಿನಲ್ಲಿ ಮುಂದಿನ ಬೆಂಚಿನ ಹುಡುಗಿ ಟೀಚರನ್ನು ನಿಲ್ಲಿಸಿ ಕೇಳಿದಳು.

"ಮಿಸ್, ನೀವು ಯಾವಾಗ ಬರ್ತೀರಿ? ಸರ್ ಉತ್ತರ ಮಾತ್ರ ಬರೆಸ್ತಾರೆ."

"ಸರ್ ಹೇಳಿದ್ದು ಕೇಳು," ಎಂದು ಟೀಚರು ಆರನೇ ಕ್ಲಾಸಿನ ಕಡೆ ನಡೆದರು.

ಕೊನೆಗೆ ಮರುಅಳತೆಯ ದಿನ ಗೊತ್ತಾಯಿತು. ಗುರುವಾರ, ಆರನೇ ಕ್ಲಾಸು, ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಅದು ಗೊತ್ತಾದ ದಿನದಿಂದ ಟೀಚರಲ್ಲಿ ಏನೋ ಸ್ವಲ್ಪ ಮಿಸುಕಾಡಿತು. ಬುಧವಾರ ಸಂಜೆ ಸೋಡಾ ಅಂಗಡಿಯಿಂದ ಹೀರಿ ಕುಡಿಯುವ ಸ್ಟ್ರಾ ಕೊಳವೆಗಳ ಒಂದು ಕಟ್ಟು ತಂದು ಕತ್ತರಿ ಹಿಡಿದು ಕೂತರು. ಮಗಳು ಪಕ್ಕದಲ್ಲಿ ಕೂತು ಅಳತೆ ಹಿಡಿದಳು.

"ಯಾಕಮ್ಮ ಇಷ್ಟು ಒದ್ದಾಡ್ತೀಯ? ಮಾರ್ಕು ಹಾಕೋನು ಅಪ್ಪ ತಾನೇ? ಹಾಕೇ ಹಾಕ್ತಾನೆ."

"ಮಾರ್ಕಿಗಲ್ವೇ." ಟೀಚರು ಒಂದರಿಂದ ಹತ್ತು ಸೆಂಟಿಮೀಟರಿನವರೆಗೆ ಕತ್ತರಿಸಿದ ತುಂಡುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದರು. "ಇಷ್ಟು ವರ್ಷ ಪಾಠ ಮಾಡಿದೀನಿ. ಯಾರಾದ್ರೂ ಒಬ್ರು ಕೂತು ನೋಡಿದ್ದು ಇದೆಯಾ? ಇನ್ಸ್‌ಪೆಕ್ಟರು ಬರ್ತಾರೆ, ಬಾಗಿಲಲ್ಲಿ ನಿಂತು ಗೋಡೆ ನೋಡ್ತಾರೆ, ಹೋಗ್ತಾರೆ. ನಿಮ್ಮಪ್ಪನೂ ನೋಡಿಲ್ಲ. ನಾಳೆ ನೋಡ್ತಾರೆ."

ಮಗಳು ಮುಂದಿನ ಕೊಳವೆಗೆ ಅಳತೆ ಹಿಡಿದಳು.

ಗುರುವಾರ ಪಾಠ ಹೀಗೆ ನಡೆಯಿತು. ತ್ರಿಕೋನದ ಸುತ್ತಳತೆಯ ಲೆಕ್ಕ ಕೊಡು ಎಂದು ಟೀಚರು ಮಕ್ಕಳ ಎದುರಿಗೇ ಎಐಯನ್ನು ಕೇಳಿದರು. ಅದು ಸಾಲಾಗಿ ಲೆಕ್ಕ ಕೊಟ್ಟಿತು. ಅದರಲ್ಲಿ ಒಂದು: ಬಾಹುಗಳು ಮೂರು, ನಾಲ್ಕು, ಎಂಟು; ಸುತ್ತಳತೆ ಎಷ್ಟು? ಉತ್ತರವನ್ನೂ ಅದೇ ಕೊಟ್ಟಿತ್ತು, ಹದಿನೈದು. ಮಕ್ಕಳು ಕೂಡಿ ನೋಡಿ, "ಸರಿ ಮಿಸ್!" ಎಂದು ಕೂಗಿದರು.

"ಸರೀನಾ? ಹಾಗಾದ್ರೆ ಆ ತ್ರಿಕೋನ ನನಗೆ ಮಾಡಿ ಕೊಡಿ," ಎಂದು ಟೀಚರು ಬೆಂಚು ಬೆಂಚಿಗೂ ಕೊಳವೆ ತುಂಡುಗಳನ್ನು ಹಂಚಿದರು.

ಮಕ್ಕಳು ಜೋಡಿಸಿದರು. ಎಂಟರ ಉದ್ದದ ತುಂಡು ಕೆಳಗೆ, ಎರಡು ತುದಿಯಿಂದ ಮೂರು ಮತ್ತು ನಾಲ್ಕು. ತುದಿಗಳು ಸೇರಲೊಲ್ಲವು. ಎಳೆದರು, ಬಗ್ಗಿಸಿದರು, ಪಕ್ಕದ ಬೆಂಚಿನವರದ್ದು ಸೇರಿತೇ ಎಂದು ಇಣುಕಿದರು. ಒಬ್ಬ ಪುಟ್ಟ ಹುಡುಗಿ ಮೊದಲು ಎದ್ದು ನಿಂತಳು. "ಮಿಸ್, ಇದು ತ್ರಿಕೋನ ಆಗೋದೇ ಇಲ್ಲ! ಇಲ್ದೇ ಇರೋ ತ್ರಿಕೋನದ ಸುತ್ತಳತೆ ಹೇಳಿದೆ ಅದು!" ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಆಮೇಲೆ, ಯಾವಾಗ ಸೇರುತ್ತದೆ, ಯಾವಾಗ ಸೇರುವುದಿಲ್ಲ ಎಂದು ಅವರೇ ಹುಡುಕಲು ಹೊರಟರು. ಟೀಚರಿಗೆ ಎದೆ ತುಂಬಿ ಬಂತು. ಎಷ್ಟೋ ವಾರಗಳ ಮೇಲೆ ಮೊದಲ ಸಲ. ಅವರು ಹಿಂದಿನ ಬೆಂಚಿನ ಕಡೆ ನೋಡಿದರು. ಮೇಷ್ಟ್ರು ತಲೆ ಬಗ್ಗಿಸಿ ಫೋನಿನಲ್ಲಿ ಒತ್ತುತ್ತಿದ್ದರು. ಮಾರ್ಕು ಹಾಕುತ್ತಿರಬೇಕು ಎಂದುಕೊಂಡರು.

ಸಂಜೆ ಮೇಷ್ಟ್ರು ಅರ್ಧ ಕಿಲೋ ಸೇಬು ತಂದರು. "ಮಾರ್ಗದರ್ಶಿ ಶಿಕ್ಷಕಿ! ಎಲ್ಲದಕ್ಕೂ ಪೂರ್ತಿ ಹಾಕಿದೀನಿ, ಒಂದೂ ಬಿಟ್ಟಿಲ್ಲ. ಸೋಮವಾರದಿಂದ ಹತ್ತನೇ ಕ್ಲಾಸು ನಿಂದೇ. ಈಗಾದ್ರೂ ಮುಖ ಸ್ವಲ್ಪ ಅರಳಿಸಮ್ಮ ತಾಯಿ."

ಅಜ್ಜಿ ಕುರ್ಚಿಯಿಂದಲೇ, "ಹೆಂಡ್ತೀನ ತನ್ನ ಸಮಕ್ಕೆ ಕೂರಿಸ್ಕೊಂಡ ನೋಡು, ಅದು ದೊಡ್ಡತನ," ಎಂದಳು.

ಟೀಚರು ಸೇಬು ತೊಳೆದು ಹೋಳು ಮಾಡಿದರು. ತಟ್ಟೆಯನ್ನು ಮೇಷ್ಟ್ರ ಮುಂದಿಟ್ಟು ನಿಂತೇ ಕೇಳಿದರು.

"ಎಐ ಎಲ್ಲಿ ತಪ್ಪಿತು ರೀ ಇವತ್ತು?"

"ಎಲ್ಲಿ ತಪ್ಪಿತು? ಮೂರು, ನಾಲ್ಕು, ಎಂಟು, ಹದಿನೈದು. ಸರಿಯಾಗೇ ಇತ್ತಲ್ಲ." ಮೇಷ್ಟ್ರು ಒಂದು ಹೋಳು ಬಾಯಿಗೆ ಹಾಕಿಕೊಂಡರು. "ನಡುವೆ ಹುಡುಗ್ರು ಕಡ್ಡಿ ಹಿಡ್ಕೊಂಡು ಸ್ವಲ್ಪ ಗಲಾಟೆ ಮಾಡಿದ್ರು. ಕ್ಲಾಸು ಕೈ ತಪ್ಪಿತು. ಅದಕ್ಕೆಲ್ಲ ನಾನು ಮಾರ್ಕು ಕಟ್ ಮಾಡ್ಲಿಲ್ಲಪ್ಪ."

ಮಗಳು ಅಮ್ಮನ ಮುಖ ನೋಡಿದಳು. "ಅಪ್ಪ, ನೀನು ಪಾಠ ನೋಡಿದ್ಯಾ?"

"ಅಲ್ಲೇ ಕೂತಿದ್ನಲ್ಲೇ ಮುಕ್ಕಾಲು ಗಂಟೆ! ಬೆಂಚು ಚುಚ್ಚಿ ಸೊಂಟ ಹಿಡ್ಕೊಂಡಿದೆ. ಇನ್ನೇನು ಬೇಕು ನಿಮ್ಮಮ್ಮಂಗೆ? ಕ್ಲಾಸು ಬೇಕು ಅಂದ್ಲು, ಕೊಡಿಸಿದೆ. ಮಾರ್ಕು ಕಮ್ಮಿ ಆದ್ರೂ ಕಷ್ಟ, ಪೂರ್ತಿ ಕೊಟ್ರೂ ಕಷ್ಟ."

"ಹೋಗ್ಲಿ ಬಿಡೇ," ಎಂದರು ಟೀಚರು ಮಗಳಿಗೆ. ಗುರುವಾರದ ಸಂಜೆಯೂ ಅನ್ನ ಆಗಬೇಕಿತ್ತು; ಅಕ್ಕಿ ತೊಳೆಯಲು ಹೋದರು.

ಹತ್ತನೇ ಕ್ಲಾಸು ಸೋಮವಾರ ವಾಪಸು ಬಂತು. ಮಕ್ಕಳು ಬೆಂಚು ಕುಟ್ಟಿ ಸ್ವಾಗತಿಸಿದರು. ಟೀಚರು ಪುಸ್ತಕ ತೆಗೆದು ಬಿಟ್ಟಲ್ಲಿಂದ ಶುರು ಮಾಡಿದರು. ಮುಂದಿನ ಬೆಂಚಿನ ಹುಡುಗಿ ಒಂದು ಉತ್ತರ ಹೇಳಿದಳು. ಸರಿಯಾಗಿತ್ತು. ಟೀಚರು ಅದನ್ನು ಬೋರ್ಡಿನ ಮೇಲೆ ಬರೆದು ಮುಂದಿನ ಲೆಕ್ಕಕ್ಕೆ ಹೋದರು. ಹುಡುಗಿ ಇನ್ನೂ ನಿಂತೇ ಇದ್ದಳು, ಏನನ್ನೋ ಕಾಯುವವಳಂತೆ. ಆಮೇಲೆ ತಾನಾಗಿಯೇ ಕೂತಳು.

ಮಾರ್ಗದರ್ಶಿಯಾದ ಮೇಲೆ ಮಾರ್ಗದರ್ಶಿಯ ಕೆಲಸವೂ ಬರಬೇಕಲ್ಲ. ಊರಿನ ಇನ್ನೂ ಕೆಲವು ಶಾಲೆಗಳ ಆರಂಭಿಕರನ್ನು, ತಮ್ಮ ಶಾಲೆಯ ಹೊಸ ಮಿಸ್ಸನ್ನೂ ಸೇರಿಸಿ, ಟೀಚರು ಪಾಠ ನೋಡಿ ಅಳೆಯಬೇಕು. ತಿಂಗಳ ಕೊನೆಯೊಳಗೆ ಮುಗಿಯಬೇಕು. ಮೇಷ್ಟ್ರಿಗೂ ಅಷ್ಟೇ ಜನ ಬಂದಿದ್ದರು. ಅವರದು ಆಗಲೇ ಮುಗಿದಿತ್ತು.

"ಎಲ್ಲಾ ಶಾಲೆಗೂ ಬಸ್ಸಲ್ಲಿ ಅಲೀತೀಯಾ ನೀನು?" ಎಂದರು ಮೇಷ್ಟ್ರು. "ಅದ್ರಲ್ಲೂ ಪರೀಕ್ಷೆ ಟೈಮು. ಯಾರು ಕೇಳ್ತಾರೆ? ಪಾಪ, ಯಾಕೆ ಅವ್ರ ಹೊಟ್ಟೆ ಮೇಲೆ ಹೊಡೀಬೇಕು?"

ಒಂದು ಸಂಜೆ ಟೀಚರು ಹಾಲು ಕಾಯಲು ಇಟ್ಟು, ಉಕ್ಕದಂತೆ ನೋಡಿಕೊಳ್ಳುತ್ತಾ ಒಲೆಯ ಪಕ್ಕದಲ್ಲೇ ನಿಂತರು. ಎಡಗೈಯಲ್ಲಿ ಫೋನಿತ್ತು. ಹೆಬ್ಬೆರಳು ಪರದೆಯ ಬಲ ಅಂಚಿನ ಕೊನೆಯ ವೃತ್ತಗಳನ್ನು ಒತ್ತುತ್ತಾ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಯಿತು. ಒಬ್ಬರದು ಮುಗಿಯಿತು, ಇನ್ನೊಬ್ಬರದು ತೆರೆಯಿತು. ವಾಕ್ಯಗಳನ್ನು ಓದಲಿಲ್ಲ, ಅವು ಬಾಯಿಪಾಠವಾಗಿದ್ದವು. ಏನೂ ಕಷ್ಟವಾಗಲಿಲ್ಲ. ಅಷ್ಟು ಸುಲಭವೆಂದು ಅವರಿಗೆ ಮೊದಲೇ ಗೊತ್ತಿರಲಿಲ್ಲ, ಅಷ್ಟೇ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದರು.

ಊಟಕ್ಕೆ ಕೂತಾಗ ಫೋನ್ ಬಂತು. ಟೀಚರ ಕೈ ಎಂಜಲಾಗಿತ್ತು. ಮಗಳು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟಳು. ಹೊಸ ಮಿಸ್ಸು.

"ಮಿಸ್, ಊಟದ ಹೊತ್ತಲ್ಲಿ ಮಾಡ್ದೆ, ಸಾರಿ. ನೀವು ನನ್ನ ಪಾಠ ನೋಡೋಕೆ ಬರ್ತೀರಿ ಅಂತ ಗೊತ್ತಾಯ್ತು. ಎಷ್ಟು ಖುಷಿ ಆಯ್ತು ಗೊತ್ತಾ? ಬೇರೆ ಯಾರಾದ್ರೂ ಆಗಿದ್ರೆ ಏನೂ ಹೇಳ್ತಿರ್ಲಿಲ್ಲ. ನೀವಾದ್ರೆ ಎಲ್ಲಿ ತಪ್ಪಿದೆ ಅಂತ ಹೇಳ್ತೀರಿ. ಬುಧವಾರ ಬರ್ತೀರಾ ಮಿಸ್? ಬೀಜ ಮೊಳಕೆ ಬರಿಸಿ ಇಟ್ಟಿದೀನಿ, ಎಐ ಹೇಳಿದ್ದು ಸರೀನಾ ಅಂತ ಮಕ್ಕಳ ಕೈಲೇ ನೋಡಿಸೋಣ ಅಂತ."

"ಬರೋದು ಬೇಡಮ್ಮ," ಎಂದರು ಟೀಚರು. "ನಿಂದು ಕಳ್ಸಿ ಆಯ್ತು. ಎಲ್ಲದರಲ್ಲೂ ಪೂರ್ತಿ ಬಂದಿದೆ."

ಮೇಷ್ಟ್ರು ತುತ್ತು ನುಂಗಿ, ಮೆಚ್ಚಿಕೊಂಡು ತಲೆಯಾಡಿಸಿದರು. ಮಗಳು ತಟ್ಟೆಯಿಂದ ಕೈ ತೆಗೆದು ಅಮ್ಮನನ್ನೇ ನೋಡುತ್ತಿದ್ದಳು.

"ಆದ್ರೆ ನೀವು ನೋಡ್ಲೇ ಇಲ್ವಲ್ಲ ಮಿಸ್," ಎಂದಳು ಹೊಸ ಮಿಸ್ಸು.

ಟೀಚರು ಎಡಗೈಯ ಬೆರಳಿನಿಂದ ಫೋನ್ ಕಟ್ ಮಾಡಿದರು. ಆಮೇಲೆ ಅತ್ತೆಯ ತಟ್ಟೆ ಖಾಲಿಯಾಗಿರುವುದನ್ನು ಕಂಡು ಅನ್ನದ ಪಾತ್ರೆ ಎಳೆದುಕೊಂಡರು.